ಬೆರಿಲ್ ಮಾಡುತ್ತಿದ್ದ ಸ್ಕೋನು

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲೇ ಹುಟ್ಟಿ ಬೆಳೆದ ಬೆರಿಲ್ ಚೆಸೆಲ್, ಪಡುವಣ ತುದಿಯ ಸುಣ್ಣದ ಬಂಡೆಗಳನ್ನು ಅರವತ್ತಾರು ತುಂಬುವವರೆಗೂ ಕಣ್ತುಂಬ ನೋಡಿರಲಿಲ್ಲ. ದ್ವೀಪ ಸುತ್ತಿಸುವ ಪ್ರವಾಸಿ ಬಸ್ಸು ಅಲ್ಲಿಂದ ನೇರ ಹಾಲೆಟ್ ಟೀ ಮನೆಗೆ ಬರುತ್ತಿತ್ತು. ಮೂರೂವರೆಗೆ ನಲವತ್ತು ಜನರ ಮುಂದೆ ಬಿಸಿ ಸ್ಕೋನು ಇರಬೇಕು, ಜೊತೆಗೆ ಕೆನೆ, ಸ್ಟ್ರಾಬೆರಿ ಜಾಮು. ಮೂವತ್ತೊಂದು ಬೇಸಿಗೆ ಆ ಪುಟ್ಟ ಬನ್ನುಗಳನ್ನು ಬೇಯಿಸಿದವಳು ಬೆರಿಲ್. ಹಿಟ್ಟಿಗೆ ಮಜ್ಜಿಗೆ ಹಾಕುವುದು, ಬೆಣ್ಣೆ ಕರಗದಂತೆ ಕೈಯನ್ನು ತಣ್ಣೀರಲ್ಲಿ ಅದ್ದಿಕೊಂಡು ಉಜ್ಜುವುದು, ಎಲ್ಲ ಅವಳೇ ಕೆಡಿಸಿ ಕೆಡಿಸಿ ಕಲಿತದ್ದು.

ಬೆರಳಿನ ಗೆಣ್ಣುಗಳು ಊದಿ ಕೆಲಸ ಬಿಟ್ಟಾಗ ಮಾಲೀಕ ಹಾಲೆಟ್ ಉಡುಗೊರೆಯೆಂದು ಅದೇ ಪ್ರವಾಸದ ಎರಡು ಟಿಕೆಟ್ ಕೊಟ್ಟ. ತಂಗಿ ಡೋರೀನಳನ್ನು ಕರೆದುಕೊಂಡು ಹೊರಟಳು.

"ಇಷ್ಟೊಂದು ಬೆಳ್ಳಗಿವೆ ಅಂತ ಗೊತ್ತೇ ಇರ್ಲಿಲ್ಲ ಕಣೇ," ಎಂದಳು ಬೆರಿಲ್, ಬಂಡೆಗಳನ್ನು ನೋಡುತ್ತ.

"ನೀನು ಆ ಒಲೆ ಬಿಟ್ಟು ಆಚೆ ಬಂದಿದ್ರೆ ತಾನೇ!"

ಟೀ ಮನೆಯಲ್ಲಿ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಸ್ಕೋನು ಜೋಡಿಸಿದ ಮೂರಂತಸ್ತಿನ ತಟ್ಟೆ ಬಂತು. ಹಾಲೆಟ್ ಮೇಜುಗಳ ನಡುವೆ ನಿಂತು, "ಈ ಸ್ಕೋನು ನಮ್ಮಜ್ಜಿ ಕೈರುಚಿ. ನೂರು ವರ್ಷದಿಂದ ಒಂಚೂರೂ ಬದಲಾಗಿಲ್ಲ," ಎಂದ.

ಬೆರಿಲ್ ಒಂದು ತುಂಡು ಬಾಯಿಗಿಟ್ಟಳು. ಒಣ ಪುಡಿ. ಯಾವುದೋ ಕಾರ್ಖಾನೆಯದು, ಸುಮ್ಮನೆ ಬಿಸಿ ಮಾಡಿದ್ದು. ಎದ್ದು ನಿಂತಳು.

"ನಿಮ್ಮಜ್ಜಿಗೆ ಮೊಟ್ಟೆ ಬೇಯಿಸೋಕೂ ಬರ್ತಿರ್ಲಿಲ್ಲ, ಮಿಸ್ಟರ್ ಹಾಲೆಟ್. ಇಲ್ಲಿ ಸ್ಕೋನು ಮಾಡ್ತಿದ್ದೋಳು ನಾನು. ಇದು ಅಂಗಡೀದು."

ಜನ ತಮಾಷೆಯೆಂದುಕೊಂಡು ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಹಾಲೆಟ್ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಬೆರಿಲ್! ಇಲ್ಲೇ ಪಾತ್ರೆ ತೊಳೀತಾ ತೊಳೀತಾ ಮುದುಕಿ ಆದೋಳು. ಈಗ ಸ್ವಲ್ಪ ಮರೆವು, ಪಾಪ."

ಬೆರಿಲ್ ತಂಗಿಯ ಮುಖ ನೋಡಿದಳು. ಅಕ್ಕ ಮಾಡಿದ ಸ್ಕೋನು ತಿನ್ನಿಸಿಯೇ ಮಕ್ಕಳನ್ನು ಬೆಳೆಸಿದವಳು ಡೋರೀನ್. ಒಂದು ಮಾತು ಸಾಕಿತ್ತು. ಆದರೆ ಡೋರೀನ್ ತೋಳು ಹಿಡಿದು ಜಗ್ಗಿದಳು. "ಕೂತ್ಕೊಳ್ಳೇ, ಎಲ್ರೂ ನೋಡ್ತಿದ್ದಾರೆ." ಅವಳ ತುಟಿಯಂಚಿನಲ್ಲಿ ಕೆನೆ ಮೆತ್ತಿತ್ತು.

ಬೆರಿಲ್ ಕೂರಲಿಲ್ಲ. ಖಾಲಿ ಬಸ್ಸಿಗೆ ಹೋಗಿ, ಉಳಿದವರು ಟೀ ಮುಗಿಸಿ ಬರುವವರೆಗೂ ಒಬ್ಬಳೇ ಕುಳಿತಿದ್ದಳು.

ಕ್ರಿಸ್‌ಮಸ್ಸಿಗೆ ಡೋರೀನ್ ಮೆಲ್ಲಗೆ ಕೇಳಿದಳು: "ನೀನು ಸ್ಕೋನು ಮಾಡೋದು ಬೇಡ, ಮಾಡೋ ಬಗೆನಾದ್ರೂ ಬರೆದುಕೊಡೇ."

"ಮರೆತುಹೋಗಿದೆ," ಎಂದಳು ಬೆರಿಲ್.

ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.