ಸೋರುವ ಸೂರಿಗೊಂದು ಫೋಟೊ

ಫೋಟೊ ಅನಂತರಾಮು ಎಂದರೆ ಜಯನಗರ ನಾಲ್ಕನೇ ಬ್ಲಾಕಿನ ಹಳಬರಿಗೆಲ್ಲ ಗೊತ್ತು. ಅವರ ಸ್ಟುಡಿಯೋ ಮೆಟ್ಟಿಲು ಹತ್ತದೆ ಆ ಕಡೆ ಯಾರ ಮದುವೆಯೂ ಕುದುರುತ್ತಿರಲಿಲ್ಲ. ಹುಡುಗಿಯ ಮೊಡವೆ, ಹುಡುಗನ ಬೋಳುತಲೆ ಎರಡಕ್ಕೂ ಅವರ ಹತ್ತಿರ ಮದ್ದಿತ್ತು. ಲೋಕದಲ್ಲಿ ಕುರೂಪಿಗಳೇ ಇಲ್ಲ, ಬೆಳಕು ಬಿಡಲು ಬಾರದವರಿದ್ದಾರೆ ಅಷ್ಟೇ ಎಂದು ಜಂಬ ಕೊಚ್ಚುತ್ತಿದ್ದರು. ಮೊಬೈಲು ಬಂದು ಸ್ಟುಡಿಯೋ ಮುಚ್ಚಿತು. ಜಂಬ ಮಾತ್ರ ಹಾಗೇ ಉಳಿಯಿತು.

ಅದಕ್ಕೇ, ಮನೆಗೆ ಹೂ ತಂದುಕೊಡುವ ಸೊಣ್ಣಮ್ಮ ತಮ್ಮ ಗೋಳು ತೋಡಿಕೊಂಡಾಗ ಅವರು ಮೈಕೊಡವಿ ಎದ್ದರು. ಕೋಣನಕುಂಟೆ ಕಡೆ ಸರ್ಕಾರ ಕಟ್ಟಿಸಿಕೊಟ್ಟ ಮನೆಗಳಲ್ಲಿ ಸೊಣ್ಣಮ್ಮನದು ಮೇಲಿನ ಮಹಡಿ. ಮಳೆ ಬಂದರೆ ತಾರಸಿ ಸೋರಿ ಮನೆಯೆಲ್ಲ ಕೆರೆ. ಮೊಬೈಲಿನ ಫೋಟೊ ತೋರಿಸಿದರೆ ಆಫೀಸಿನವರು, ಕತ್ತಲಲ್ಲಿ ಏನೂ ಕಾಣುತ್ತಿಲ್ಲ ಎಂದು ಸಾಗಹಾಕಿದ್ದರು. ಸೋಮವಾರ ಅಲ್ಲಿ ನಡೆಯುವ ಅಹವಾಲು ಸಭೆಗೆ ಸರಿಯಾದ ಫೋಟೊ ಒಯ್ಯದಿದ್ದರೆ ಈ ಮಳೆಗಾಲವೂ ಬಕೆಟ್ಟುಗಳ ಜೊತೆಗೇ ಸಂಸಾರ.

“ನಾನಿದೀನಿ ಬಿಡಿ,” ಎಂದು ಅನಂತರಾಮು ಕ್ಯಾಮೆರಾ ಹೆಗಲಿಗೇರಿಸಿದರು.

ಹೋದವರು ಮಾಡಿದ್ದೇನು? ಕಿಟಕಿ ತೆರೆಸಿದರು. ಬಕೆಟ್ಟುಗಳನ್ನು ಮರೆಗೆ ಸರಿಸಿದರು. ಸೊಣ್ಣಮ್ಮನಿಗೆ ರೇಷ್ಮೆ ಸೀರೆ ಉಟ್ಟು ಬರಲು ಹೇಳಿ, “ಸ್ವಲ್ಪ ನಗಿ” ಎಂದರು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗಲೂ ಕೈ ಸುಮ್ಮನಿರಲಿಲ್ಲ. ಗೋಡೆಯ ಪಾಚಿಯನ್ನು ಮೊಡವೆಯಂತೆ ಒರೆಸಿಹಾಕಿತು.

ಹೂ ಕೊಡಲು ಬಂದು ಪ್ರಿಂಟ್ ನೋಡಿದ ಸೊಣ್ಣಮ್ಮ ಬಾಗಿಲಲ್ಲೇ ಕೂತುಬಿಟ್ಟರು. “ಸಾರ್, ಇದ್ಯಾರ ಮನೆ? ಬಾಡಿಗೆಗೆ ಸಿಗುತ್ತಾ ಕೇಳಿ!”

ಒಳಗಿನಿಂದ ಹೆಂಡತಿ ಸತ್ಯಭಾಮಾ ಬಂದು ಇಣುಕಿದರು. “ರೀ, ಸೋರೋದು ತೋರ್ಸಿ ಅಂದ್ರೆ ಮನೆಗೇ ಗಂಡು ಹುಡುಕೋ ಫೋಟೊ ತೆಗ್ದಿದೀರಲ್ಲ!”

ಅನಂತರಾಮುಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪುಣ್ಯಕ್ಕೆ ಭಾನುವಾರ ಮಳೆ ಹಿಡಿಯಿತು. ಆಟೋ ಹಿಡಿದು ಓಡಿದರು. ಈ ಸಲ ಒಂದು ಬಕೆಟ್ಟನ್ನೂ ಮುಟ್ಟಲಿಲ್ಲ. ಸೊಣ್ಣಮ್ಮ ನಡುಮನೆಯಲ್ಲಿ ಕೂತು, ಛತ್ರಿಯನ್ನು ಭುಜಕ್ಕಾನಿಸಿಕೊಂಡು ಹೂ ಕಟ್ಟುತ್ತಿದ್ದರು.

“ಇವತ್ತು ಮಾತ್ರ ನಗ್ಬೇಡಿ,” ಎಂದರು ಅನಂತರಾಮು. ಜೀವಮಾನದಲ್ಲಿ ಆ ಮಾತು ಅವರ ಬಾಯಿಂದ ಬಂದಿದ್ದು ಅದೇ ಮೊದಲು.

ಸೊಣ್ಣಮ್ಮ ತುಟಿ ಬಿಗಿದರು. ಬಾಗಿಲಲ್ಲಿ ಸೇರಿದ್ದ ಅಕ್ಕಪಕ್ಕದವರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಆಕೆ ಹೊಟ್ಟೆ ಹಿಡಿದು ನಗತೊಡಗಿದರು. ಛತ್ರಿ ಕುಣಿಯಿತು, ಸೂರಿನ ನೀರು ಸುತ್ತಲೂ ಸಿಡಿಯಿತು. ಅನಂತರಾಮು ತಾವೂ ನಗುತ್ತಲೇ ಕ್ಲಿಕ್ಕಿಸಿದರು.

ಸಭೆಯಲ್ಲಿ ಇಂಜಿನಿಯರು ಆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಇಷ್ಟು ಸೋರ್ತಿದೆ, ನೀವು ನಗ್ತಿದೀರಲ್ಲಮ್ಮ?”

“ನಗೋದು ನಿಲ್ಸಿದ್ರೆ ಸೋರೋದು ನಿಲ್ಲುತ್ತಾ ಸಾರ್? ಹಾಗಿದ್ರೆ ಹೇಳಿ, ಈಗ್ಲೇ ನಿಲ್ಸಿಬಿಡ್ತೀನಿ.”

ಇಂಜಿನಿಯರು ಪೆನ್ನು ತೆಗೆದು ರಿಪೇರಿ ಅರ್ಜಿಗೆ ಸಹಿ ಹಾಕಿದರು. ಮಳೆಗಾಲ ಜೋರಾಗುವ ಮೊದಲೇ ತಾರಸಿಯ ರಿಪೇರಿ ಮುಗಿಯಿತು.

ಮುಂದೊಂದು ಸಂಜೆ ಮಳೆ ಧೋ ಎಂದು ಸುರಿಯುವಾಗ ಸೊಣ್ಣಮ್ಮ ಫೋನು ಮಾಡಿದರು. “ಬೇಗ ಬನ್ನಿ ಸಾರ್, ಕ್ಯಾಮೆರಾನೂ ತನ್ನಿ!”

ಮತ್ತೆ ಸೋರಿತೇನೋ ಎಂದು ಅನಂತರಾಮು ಓಡಿ ಹೋದರೆ, ಆಕೆ ನಡುಮನೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿ ಸೂರು ನೋಡುತ್ತಿದ್ದರು.

“ತೆಗೀರಿ ಸಾರ್. ಒಂದ್ ಹನೀನೂ ಇಲ್ಲ.”

ಆ ಫೋಟೊ ಈಗ ಅನಂತರಾಮು ಮನೆಯ ಹಜಾರದಲ್ಲಿ, ಅವರು ತೆಗೆದ ಮದುವೆ ಜೋಡಿಗಳ ಸಾಲಿನಲ್ಲಿ ತೂಗುತ್ತಿದೆ. ಬರೀ ಬೋಳು ಸೂರು. ಬಂದವರೆಲ್ಲ, ಇದರಲ್ಲೇನಿದೆ ಎಂದು ಕೇಳುತ್ತಾರೆ.

“ಏನೂ ಇಲ್ಲ,” ಎನ್ನುತ್ತಾರೆ ಅವರು ಎದೆಯುಬ್ಬಿಸಿ. “ಟಚಪ್ ಕೂಡ ಮಾಡಿಲ್ಲ.”