ಯಾರದೂ ಅಲ್ಲದ ಹೋರಿ

ಶ್ರಾವಣ ಸೋಮವಾರ. ಹೋರಿಯ ಹಣೆಗೆ ವಿಭೂತಿ ಹಚ್ಚಲು ಬಾಗಿದ ನಮ್ಮತ್ತೆಯನ್ನು ಅದು ಕೋಡಿನಿಂದ ಎತ್ತಿ ಗೋಡೆಗೆ ಎಸೆಯಿತು. ತೋಳಿನ ಮೂಳೆ ಮುರಿಯಿತು.

ಮಹಾರಾಷ್ಟ್ರದ ಸಂಭಾಜಿನಗರದ ನಮ್ಮ ಗಲ್ಲಿಯಲ್ಲಿ ಅದನ್ನು ಹಗ್ಗವಿಲ್ಲದೆ ತಿರುಗಲು ಬಿಟ್ಟವನು ಮೂಲೆಯ ಹಾಲಿನ ಡೈರಿಯವನು. ಕೇಳಲು ಹೋದರೆ, “ತಾಯಿ, ಇದು ದೇವರಿಗೆ ಬಿಟ್ಟ ನಂದಿ, ನನ್ನದಲ್ಲ” ಎಂದು ಮರಾಠಿಯಲ್ಲಿ ಹೇಳಿ ಕೈ ಮುಗಿದ.

ಪೊಲೀಸರ ಬಳಿ ಹೊರಟೆ. ಬೀದರ್ ಕಡೆಯವರಾದ ಅತ್ತೆ ಪ್ಲಾಸ್ಟರ್ ಹಾಕಿದ ಕೈ ಹಿಡಿದುಕೊಂಡೇ ಅಡ್ಡ ಬಂದರು. “ಬ್ಯಾಡವ್ವಾ, ನಂದಿ ಮ್ಯಾಲ ಕಂಪ್ಲೇಂಟ್ ಕೊಟ್ರ ಪಾಪ ಹತ್ತತದ.”

“ನಂದಿ ಮ್ಯಾಲ ಅಲ್ರಿ ಅತ್ತಿ, ಸಾಕಿದವನ ಮ್ಯಾಲ” ಎಂದೆ.

ಠಾಣೆಯಲ್ಲಿ ಮತ್ತೊಂದು ತಕರಾರು. ಡೈರಿಯವನು ತನ್ನದಲ್ಲ ಎನ್ನುತ್ತಾನೆ, ಮಾಲೀಕನೇ ಇಲ್ಲದಿದ್ದರೆ ಯಾರ ಮೇಲೆ ಬರೆದುಕೊಳ್ಳುವುದು ಎಂದರು. ಸರಿ, ಹಾಗಿದ್ದರೆ ಯಾರದೂ ಅಲ್ಲದ ಹೋರಿಯನ್ನು ಒಯ್ಯಿರಿ ಎಂದು ಪಾಲಿಕೆಗೆ ದೂರು ಕೊಟ್ಟೆ. ಮರುದಿನ ದನ ಹಿಡಿಯುವ ಗಾಡಿ ಬಂತು, ಜೊತೆಗೊಬ್ಬ ಪೊಲೀಸ್ ಕೂಡ ಬಂದ. ಹೋರಿಯ ಕೊರಳಿಗೆ ಹಗ್ಗ ಬಿದ್ದದ್ದೇ ತಡ, ಡೈರಿಯವನು ಬರಿಗಾಲಲ್ಲಿ ಓಡಿ ಬಂದ.

“ಬಿಡ್ರೀ! ನನ್ನ ಹೋರಿ ಅದು!”

ಇಡೀ ಗಲ್ಲಿಗೆ ಕೇಳಿಸಿತು. ನಾನು ಪೊಲೀಸನ ಕಡೆ ತಿರುಗಿ ಅಷ್ಟೇ ಜೋರಾಗಿ ಮರಾಠಿಯಲ್ಲೇ ಹೇಳಿದೆ: “ಸಾಹೇಬರೇ, ಮಾಲೀಕ ಸಿಕ್ಕಿದ. ಬರೆದುಕೊಳ್ಳಿ.”

ಕೇಸು ನಡೆಯುತ್ತಿದೆ. ಅತ್ತೆ ಈಗಲೂ ನಂದಿ ಕಂಡರೆ ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ, ಆದರೆ ಹಗ್ಗ ಯಾರ ಕೈಯಲ್ಲಿದೆ ಎಂದು ಮೊದಲು ನೋಡುತ್ತೇನೆ.