ಮೇಸ್ತ್ರಿಯ ಮೂಗು, ಸೊಸೆಯ ಪೆಟ್ಟಿಗೆ

ನಮ್ಮ ಮೇಸ್ತ್ರಿಯ ಮೂಗಿನಂಥ ಮೂಗು ಭೂಮಿಯ ಮೇಲೆ ಇನ್ನೊಂದಿಲ್ಲ. ಭೂಮಿಯ ಕೆಳಗಂತೂ ಇಲ್ಲವೇ ಇಲ್ಲ, ಏಕೆಂದರೆ ಅಲ್ಲಿ ಕೊಳವೆ ಹೂಳಿದವರು ನಾವೇ. ಮೂರು ಮೈಲಿ ಆಚೆ ಯಾರ ಮನೆಯಲ್ಲಿ ಹಾಲು ತಳ ಹಿಡಿಯಿತು ಎಂಬುದನ್ನು ಅವರು ಕಂದಕದಲ್ಲಿ ನಿಂತೇ ಹೇಳುತ್ತಿದ್ದರು, ಹಸುವಿನದೋ ಎಮ್ಮೆಯದೋ ಎಂಬುದನ್ನೂ ಸೇರಿಸಿ. ಡೀಸೆಲ್ ಕದ್ದವನೊಬ್ಬನನ್ನು, ಅವನು ಕದಿಯುವ ಹಿಂದಿನ ದಿನವೇ ಮೂಸಿ ಹಿಡಿದರು. ಆ ಮೂಗನ್ನು ನಂಬಿ ಮೂವತ್ತಾರು ವರ್ಷ ಕೊಳವೆಯೊಳಗೆ ಹೋದ ನಾವೆಲ್ಲ ನಮ್ಮ ಕಾಲ ಮೇಲೆಯೇ ಹೊರಗೆ ಬಂದಿದ್ದೇವೆ.

ಮೇಸ್ತ್ರಿ ಕೆಲಸಕ್ಕೆ ಸೇರಿದ್ದು ಕೊಳವೆಯ ಕೆಳಗೆ ಮರದ ದಿಮ್ಮಿ ಇಡುವವರಾಗಿ. ಆಮೇಲೆ ತುಕ್ಕು ಉಜ್ಜಿದರು, ಆಮೇಲೆ ತುದಿಗೆ ತುದಿ ಜೋಡಿಸಿದರು. ಎಡಗೈ ಹೆಬ್ಬೆರಳು ಚಮಚದಷ್ಟು ಚಪ್ಪಟೆ. ಒಂದು ಕೊಳವೆ ಅದರ ಮೇಲೆ ಕುಳಿತು ಸ್ವಲ್ಪ ಹೊತ್ತು ವಿಶ್ರಾಂತಿ ಪಡೆದಿತ್ತು. ಉಜ್ಜುವ ಯಂತ್ರದ ಗದ್ದಲಕ್ಕೆ ಬಲಗಿವಿ ಹೋಗಿತ್ತು. ಹಾಗಾಗಿ ಅವರ ಹೆಂಡತಿ ಗುಟ್ಟಿನ ಮಾತು ಹೇಳಿದರೂ ಬೀದಿಯ ಕೊನೆಯ ಮನೆಯವರು "ಹೌದಾ" ಎನ್ನುತ್ತಿದ್ದರು.

ನಮ್ಮದೊಂದು ಪದ್ಧತಿಯಿತ್ತು. ಮಧ್ಯಾಹ್ನ ಊಟವಾದ ಮೇಲೆ ಹೊರಗೆ ನೆರಳೆಂಬುದು ಇರುತ್ತಿರಲಿಲ್ಲ; ಇದ್ದರೆ ಅದು ನಮ್ಮದೇ ನೆರಳು, ಅದರಲ್ಲಿ ಮಲಗಲಾಗದು. ಕಂದಕದೊಳಗಿನ ಕೊಳವೆ ಮಾತ್ರ ಮಣ್ಣಿನ ತಂಪಿಗೆ ಒಳಗೆ ನೀರಿನ ಗುಡಾಣದಂತಿರುತ್ತಿತ್ತು. ಬಗ್ಗಿ ನಡೆದರೆ ಆಳು ಹಿಡಿಸುವಷ್ಟು ಅಗಲ. ಮೇಸ್ತ್ರಿ ಮೊದಲು ಅದರ ಬಾಯಿಗೆ ಮೂಗು ಕೊಟ್ಟು ಮೂಸಿ "ಹೋಗ್ರಿ" ಎನ್ನಬೇಕು, ನಾವು ಗೋಣಿ ಹಾಸಿಕೊಂಡು ಸಾಲಾಗಿ ಮಲಗಬೇಕು. ಒಳಗಿನ ಬೆಸುಗೆ ನೋಡಲು ಹೋಗುವವರಿಗೂ ಅದೇ ಅಪ್ಪಣೆ.

ಹೀಗಿರುವಾಗ ಮೇಸ್ತ್ರಿಯ ಮಗನಿಗೆ ಮದುವೆಯಾಯಿತು. ಸೊಸೆ ಓದಿದ್ದು ಸುರಕ್ಷತೆ. ಅವಳಿಗೆ ಕೆಲಸ ಸಿಕ್ಕಿದ್ದು ಬೇರೆಲ್ಲೂ ಅಲ್ಲ, ನಮ್ಮ ಕಂದಕದಲ್ಲೇ. ಮೇಸ್ತ್ರಿಯ ಎರಡು ಕೋಣೆಯ ಮನೆಯ ಬಾಗಿಲ ಹಿಂದೆ ಒಂದೇ ಮೊಳೆ. ಮೊದಲು ಮನೆಗೆ ಬಂದವರ ಹೆಲ್ಮೆಟ್ಟಿಗೆ ಮೊಳೆ, ಆಮೇಲೆ ಬಂದದ್ದಕ್ಕೆ ನೆಲ. ಮೇಸ್ತ್ರಿ ಅರ್ಧ ಗಂಟೆ ಮುಂಚೆ ಮನೆಗೆ ಹೋಗತೊಡಗಿದರು.

ತಗಡಿನ ಶೆಡ್ಡಿನಲ್ಲಿ ಪಾಠ. ಇಪ್ಪತ್ತೆರಡು ಮಂದಿ ಬೆಂಚಿನ ಮೇಲೆ, ಮೇಸ್ತ್ರಿ ಕೊನೆಯಲ್ಲಿ, ಕೇಳದ ಕಿವಿಯನ್ನು ಸೊಸೆಯ ಕಡೆ ತಿರುಗಿಸಿ. ಅಂಗೈಯಲ್ಲಿ ಹಿಡಿಸುವ ಹಳದಿ ಪೆಟ್ಟಿಗೆಯೊಂದನ್ನು ಅವಳು ತೋರಿಸಿದಳು. ಗಾಳಿ ಸರಿಯಿದ್ದರೆ ಅದು ಸುಮ್ಮನಿರುತ್ತದೆ, ಇಲ್ಲದಿದ್ದರೆ ಕಿರುಚುತ್ತದೆ. ಇನ್ನು ಅದು ಸುಮ್ಮನಿದ್ದರೆ ಮಾತ್ರ ಕೊಳವೆಯೊಳಗೆ ಹೋಗಬೇಕು. ಮಲಗಲಂತೂ ಯಾವತ್ತೂ ಹೋಗಕೂಡದು. ನಿದ್ದೆಗೆ ಮೇಲೆ ಒಂದು ಚಪ್ಪರ ಹಾಕಿಸಿದಳು. ಅದರ ಕೆಳಗೆ ಎಷ್ಟು ಸೆಕೆಯೆಂದರೆ, ಅಲ್ಲಿ ಮಲಗಿದ ನಾಯಿ ಎದ್ದು ಹೋಗಿ ಬಿಸಿಲಿನಲ್ಲಿ ಮಲಗಿತು.

ಪಾಠ ಮುಗಿದ ಮೇಲೆ ಬಾಯಿಮಾತಿನ ಪರೀಕ್ಷೆ. ಮೂರು ಸಲ ಅವಕಾಶ. ಮೂರರಲ್ಲೂ ಬಿದ್ದವರು ಕಂದಕ ಬಿಟ್ಟು ಉಗ್ರಾಣಕ್ಕೆ ಹೋಗಿ ಕೈಗವಸು ಮಡಿಸಬೇಕು.

"ಕೊಳವೆಯೊಳಗೆ ಹೋಗೋ ಮುಂಚೆ ಮೊದಲು ಏನ್ ಮಾಡಬೇಕು, ಮಾವ?"

"ಮೂಸ್ಬೇಕು."

ಬಿದ್ದರು. ಮುಂದಿನ ವಾರ ಅದೇ ಪ್ರಶ್ನೆ.

"ಚೆನ್ನಾಗಿ ಮೂಸ್ಬೇಕು."

ಮತ್ತೆ ಬಿದ್ದರು. ಆ ಸಂಜೆ ಮನೆಯಲ್ಲಿ ಅತ್ತೆ ಸೊಸೆಯ ಮುಂದೆ ತಟ್ಟೆಯನ್ನು ಇಟ್ಟರೋ ಎಸೆದರೋ ಎಂಬ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಮಾತು ಮಾತ್ರ ಎಲ್ಲರಿಗೂ ಕೇಳಿಸಿತು.

"ಮನೆ ಹಿರಿಯರಿಗೇ ಸೊನ್ನೆ ಹಾಕ್ತೀಯಲ್ಲೇ?"

"ನಾನೆಲ್ಲಿ ಹಾಕ್ದೆ ಅತ್ತೆ? ಅವರೇ ಕೇಳಿ ತಗೊಂಡ್ರು."

"ಒಂದ್ಸಲ ಕಣ್ಣು ಮುಚ್ಕೊಂಡು ಪಾಸ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕಣ್ಣು ಮುಚ್ಚೋದು ಅವರಾಗ್ತಾರೆ, ಅತ್ತೆ."

ಮೇಸ್ತ್ರಿ ಬಲಗಿವಿಯನ್ನು ಆ ಕಡೆ ತಿರುಗಿಸಿ ಊಟ ಮುಂದುವರಿಸಿದರು. ಆದರೆ ಅಂದು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಕೊಳವೆಯ ಬಾಯಿ ಬಿಟ್ಟು ಬೇರೆಲ್ಲೂ ನಿಂತು ಅವರಿಗೆ ಗೊತ್ತಿರಲಿಲ್ಲ. ಕೈಗವಸು ಮಡಿಸುವ ಮೇಸ್ತ್ರಿ ಎಂದರೆ ಹಲ್ಲು ಕಿತ್ತ ಗರಗಸ.

ಮೂರನೇ ಪರೀಕ್ಷೆಯ ಹಿಂದಿನ ದಿನ. ಕೊಳವೆಯಲ್ಲಿ ನೀರು ತುಂಬಿ ಸೋರಿಕೆ ನೋಡಿಯಾಗಿತ್ತು. ಒಳಗೆ ಒಣಗಲೆಂದು ನೈಟ್ರೋಜನ್ ಬಿಟ್ಟಿದ್ದರು. ಎಚ್ಚರಿಕೆಯ ಹಲಗೆ ಅರ್ಧ ಮೈಲಿ ಆಚೆಯ ತುದಿಯಲ್ಲಿ ತೂಗುತ್ತಿತ್ತು. ಈ ತುದಿಯ ಮುಚ್ಚಳವನ್ನು ಯಾರೋ ಬೆಳಿಗ್ಗೆ ತೆಗೆದಿದ್ದರು. ಸೊಸೆ ಕಚೇರಿಯಲ್ಲಿದ್ದಾಳೆಂದು ಖಚಿತ ಮಾಡಿಕೊಂಡು ಆರು ಜನ ಗೋಣಿ ಕಂಕುಳಲ್ಲಿಟ್ಟು ಕಂದಕಕ್ಕಿಳಿದೆವು. ಮೇಸ್ತ್ರಿ ಕೊಳವೆಯ ಬಾಯಿಗೆ ಕತ್ತು ಚಾಚಿ ಮೂಸಿದರು.

"ತೊಳೆದಿಟ್ಟ ಲೋಟದ ಹಾಗಿದೆ. ಹೋಗ್ರಿ," ಎಂದು ಹೇಳಿ ಪಕ್ಕದ ದಿಮ್ಮಿಯ ಮೇಲೆ ಕುಳಿತುಬಿಟ್ಟರು. "ಬಿಸಿಲು ಜಾಸ್ತಿ," ಎಂದರು. ತಲೆ ತಿರುಗಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

ಬೆಸುಗೆಯವನೊಬ್ಬನಿದ್ದ, ಕರಡಿ ಎಂದೇ ಕರೆಯುತ್ತಿದ್ದೆವು. ಅವನು ಒಂದು ಕಾಲು ಒಳಗಿಟ್ಟಿದ್ದ. ಅಷ್ಟರಲ್ಲಿ ಮೇಲಿನಿಂದ ಸೊಸೆ ಕೂಗಿದಳು, "ಕರಡಿಯಣ್ಣ, ಕಾಲು ತೆಗಿ."

ಅವಳು ಓಡಿ ಬರಲಿಲ್ಲ. ಸೈಟಿನಲ್ಲಿ ಓಡಬಾರದು ಎಂಬುದು ಅವಳದೇ ನಾಲ್ಕನೇ ಪಾಠ. ಆದರೆ ಅಷ್ಟು ವೇಗವಾಗಿ ನಡೆದವರನ್ನು ನಾನು ನೋಡಿಲ್ಲ. ಅವಳ ನೆರಳು ಎರಡು ನಿಮಿಷ ತಡವಾಗಿ ಬಂತು. ಬಿದಿರು ಗಳುವಿನ ತುದಿಗೆ ಪೆಟ್ಟಿಗೆ ಕಟ್ಟಿ ಕೊಳವೆಯೊಳಗೆ ಚಾಚಿದಳು. ಅದು ಕಿರುಚಿತು.

"ಕೆಟ್ಟಿದೆ ಅದು," ಎಂದರು ಮೇಸ್ತ್ರಿ.

ಅವಳು ಗಳುವನ್ನು ಅವರ ಕೈಗೇ ಕೊಟ್ಟಳು. ಮೇಸ್ತ್ರಿ ಹೊರಗೆ ತೆಗೆದರು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಒಳಗೆ ಹಾಕಿದರು, ಕಿರುಚಿತು. ಪಕ್ಕದ ಖಾಲಿ ಕೊಳವೆಯೊಳಗೆ ಹಾಕಿದರು, ಸುಮ್ಮನಿತ್ತು. ಹೀಗೆ ನೂರು ಸಲ ಮಾಡಿರಬೇಕು. ಕೊನೆಗೆ ಪೆಟ್ಟಿಗೆಯ ಮೇಲಿನ ಆಮ್ಲಜನಕದ ಅಂಕಿಯನ್ನು ನೋಡಿದರು. ಇಪ್ಪತ್ತೊಂದರ ಹತ್ತಿರ ಇರಬೇಕಾದ ಕಡೆ ಆರು ಇತ್ತು.

"ಏನ್ ವಾಸನೆ ಬಂತು, ಮಾವ?" ಎಂದಳು ಸೊಸೆ.

"ಏನೂ ಇಲ್ಲ."

"ನೈಟ್ರೋಜನ್ನಿಗೆ ವಾಸನೆನೇ ಇಲ್ಲ. ಎರಡು ಉಸಿರಿಗೆ ಆಳು ಬೀಳ್ತಾನೆ. ಎತ್ತೋಕೆ ಹೋದವನು ಅವನ ಮೇಲೇ ಬೀಳ್ತಾನೆ."

ಮೇಸ್ತ್ರಿ ನಮ್ಮ ಆರು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಕೊಳವೆಯ ಬಾಯಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಅಗುಳಿ ಹಾಕಿದ ಬಾಗಿಲಿನಂತೆ ಕುಳಿತರು. ಮುಚ್ಚಳ ಬರುವವರೆಗೆ ಏಳಲಿಲ್ಲ. ಸೊಸೆ ಎದುರಿಗೆ ನಿಂತು, ಪೆಟ್ಟಿಗೆಯನ್ನು ಅವರ ತಲೆಯ ಪಕ್ಕದಲ್ಲೇ ಹಿಡಿದಿದ್ದಳು.

ಮರುದಿನ ಶೆಡ್ಡಿನಲ್ಲಿ ಇಪ್ಪತ್ತೆರಡು ಮಂದಿಯೂ ಬಂದಿದ್ದರು. ಪಾಸಾದವರಿಗೂ ಅಂದು ಪಾಠದ ಮೇಲೆ ಪ್ರೀತಿ. ಸೊಸೆ ಒಂದಿಷ್ಟೂ ಮೆತ್ತಗಾಗಲಿಲ್ಲ. ಅದೇ ಪ್ರಶ್ನೆ.

ಮೇಸ್ತ್ರಿ ಎದ್ದು ನಿಂತರು. ಈ ಸಲ ಕೇಳುವ ಕಿವಿ ಅವಳ ಕಡೆಗಿತ್ತು. "ಪೆಟ್ಟಿಗೆ ಇಡ್ಬೇಕು."

"ಕಾರಣ?"

ಮೇಸ್ತ್ರಿ ಚಪ್ಪಟೆ ಹೆಬ್ಬೆರಳಿನಿಂದ ಮೂಗು ಒರೆಸಿಕೊಂಡರು.

"ಕೊಲ್ಲೋದಕ್ಕೆ ವಾಸನೆ ಇರ್ಬೇಕು ಅಂತೇನಿಲ್ಲ. ನನಗದು ಗೊತ್ತಿರ್ಲಿಲ್ಲ. ಗೊತ್ತಿಲ್ದೇನೇ ಇಷ್ಟು ಜನಾನ ಒಳಗೆ ಕಳಿಸ್ದೆ."

ಸೊಸೆ ಪುಸ್ತಕದಲ್ಲಿ ಗುರುತು ಹಾಕಿದಳು. "ಪಾಸ್. ಕೂತ್ಕೊಳಿ ಮಾವ."

ಕರಡಿಗೆ ಸಮಾಧಾನವಾಗಲಿಲ್ಲ. ಕಂಡ ಕಂಡ ಸೈಟಿನಲ್ಲೆಲ್ಲ ಆ ಮೂಗನ್ನು ಹೊಗಳಿ ಬಂದವನು ಅವನು. ನಾನೂ ಕಡಿಮೆಯೇನಲ್ಲ.

"ಅದೇನೋ ಸರಿ ಮೇಸ್ತ್ರಿ. ಆದ್ರೆ ಮೂವತ್ತಾರು ವರ್ಷ ನೀವು ಮೂಸಿ ಹೋಗ್ರಿ ಅಂದ್ರಿ, ನಾವು ಹೋದ್ವಿ, ಬದುಕಿ ಬಂದ್ವಿ. ಅದು ಹೇಗೆ ಮತ್ತೆ?"

ಮೇಸ್ತ್ರಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತ ಹೇಳಿದರು:

"ಒಳಗೆ ಗಾಳಿ ಇತ್ತು ಕಣಪ್ಪ."